ಕರಿಯ ಗೋಧಿ ಬೀರಿಗೆ ಎಷ್ಟು ಚುಕ್ಕಿ?

ಮೊನ್ನೆ ಮುಂಡರಗಿ ಬಸ್ ನಿಲ್ದಾಣದಲ್ಲಿ ಇಳಿದು ಧೋತರ ಸರಿಪಡಿಸಿಕೊಳ್ಳುವಷ್ಟರಲ್ಲಿ ಕಿಸೆಯಲ್ಲಿದ್ದ ಫೋನು ಕುಂಯ್ ಎಂದಿತು. ಏನೋ ಎತ್ತೋ ಎಂದು ಕನ್ನಡಕ ಏರಿಸಿ ನೋಡಿದರೆ, ಈ ಸ್ಥಳ ನಿಮಗೆ ಹೇಗೆನಿಸಿತು, ಚುಕ್ಕಿ ಕೊಡಿ ಎಂದು ಕೇಳುತ್ತಿದೆ. ಕೆಳಗೆ ಐದು ಖಾಲಿ ಚುಕ್ಕಿಗಳು ಸಾಲಾಗಿ ಕುಳಿತಿವೆ. ಬಸ್ ನಿಲ್ದಾಣಕ್ಕೆ ಎಂಥ ಚುಕ್ಕಿ ಸ್ವಾಮಿ? ಬಸ್ಸು ಬಂದರೆ ಅದು ನಿಲ್ದಾಣ, ಬರದಿದ್ದರೆ ಬರೀ ಕಟ್ಟೆ. ನನಗಿಂತ ಮೊದಲು ಅಲ್ಲಿ ಇಳಿದ ಯಾವನೋ ಪುಣ್ಯಾತ್ಮ ನಾಲ್ಕು ಚುಕ್ಕಿ ಕೊಟ್ಟು, ವಾತಾವರಣ ಚೆನ್ನಾಗಿದೆ ಎಂದು ಬೇರೆ ಬರೆದಿದ್ದ. ಅವನ ಮೂಗು ಎಲ್ಲಿತ್ತೋ ಆ ಹೊತ್ತಿನಲ್ಲಿ, ದೇವರೇ ಬಲ್ಲ.

ಕುತೂಹಲಕ್ಕೆ ಇನ್ನಷ್ಟು ಕೆದಕಿ ನೋಡಿದೆ. ಕಪ್ಪತಗುಡ್ಡಕ್ಕೂ ಚುಕ್ಕಿ ಕೊಟ್ಟಿದ್ದಾರೆ! ಒಬ್ಬ ಮಹಾನುಭಾವ ಮೂರೇ ಕೊಟ್ಟಿದ್ದಾನೆ, ಕಾರು ನಿಲ್ಲಿಸಲು ಜಾಗವಿಲ್ಲವಂತೆ. ನಮ್ಮ ಅಜ್ಜನ ಅಜ್ಜ ಹುಟ್ಟುವುದಕ್ಕಿಂತ ಮೊದಲಿನಿಂದ ಮಳೆಗಾಳಿಗೆ ಮೈಯೊಡ್ಡಿ ನಿಂತ ಗುಡ್ಡಕ್ಕೆ ಈ ಬಾಡಿಗೆ ಕಾರಿನವನಿಂದ ಐವತ್ತಕ್ಕೆ ಮೂವತ್ತರಂತೆ ಪಾಸು. ಇನ್ನು ಸ್ಮಶಾನಕ್ಕೆ ಚುಕ್ಕಿ ಕೊಡುವುದೊಂದು ಬಾಕಿ ಇದೆ. ಅದನ್ನೂ ಕೊಟ್ಟಿರುತ್ತಾರೆ, ನಾನು ನೋಡಲು ಹೋಗಲಿಲ್ಲ.

ಚುಕ್ಕಿ ಎಂದ ಕೂಡಲೇ ನನಗೆ ನೆನಪಾಗುವುದು ಒಂದು ಬೀರು. ಹೌದು, ಬೀರೇ. ಹುಬ್ಬೇರಿಸಬೇಡಿ. ಗೋಧಿಯಿಂದ ಮಾಡಿದ ಕಪ್ಪು ಬೀರು. ಅದನ್ನು ಲಕ್ಷ್ಮೇಶ್ವರದಲ್ಲಿರುವ ನನ್ನ ತಂಗಿಯ ಮನೆಯ ಹಿತ್ತಲಲ್ಲಿ, ಕರಿಬೇವಿನ ಗಿಡದ ಪಕ್ಕ ಕುಳಿತು, ಹಾಡುಹಗಲೇ ಕುಡಿದು, ಅದಕ್ಕೆ ಅಂಕ ಕೊಡುವ ಯೋಗ ನನ್ನ ಪಾಲಿಗೆ ಬಂದಿತ್ತು. ಹೇಗೆ ಬಂತು ಎಂದು ಹೇಳಬೇಕಾದರೆ ಮೊದಲು ನನ್ನ ನಾಲಗೆಯ ವಂಶಾವಳಿ ಹೇಳಬೇಕು.

ಅಪ್ಪನದು ಗದಗಿನ ಮಾರ್ಕೆಟ್ಟಿನಲ್ಲಿ ಕಾಳಿನ ದಲಾಲಿ ಅಂಗಡಿ. ಹಿರೇಹಂದಿಗೋಳ, ಅಡರಕಟ್ಟಿ ಕಡೆಯಿಂದ ಚಕ್ಕಡಿಗಳಲ್ಲಿ ಗೋಧಿ ಬಂದು ಇಳಿಯುತ್ತಿತ್ತು. ಚೀಲದ ಮೇಲುಗಡೆ ಯಾವಾಗಲೂ ಒಳ್ಳೆಯ ಕಾಳೇ ಇರುತ್ತದೆ, ಅದು ಜಗದ ರೀತಿ. ಅದಕ್ಕೇ ಅಪ್ಪ ಚೀಲದ ಹೊಟ್ಟೆಗೆ ಕಬ್ಬಿಣದ ಕೊಳವೆ ಚುಚ್ಚಿ, ನಡುವಿನ ಕಾಳನ್ನು ಅಂಗೈಗೆ ಸುರಿದುಕೊಂಡು, ಊದಿ, ಎರಡು ಕಾಳು ಹಲ್ಲಿಗಿಟ್ಟು ಕಟ್ಟೆಂದು ಕಡಿಯುತ್ತಿದ್ದ. ಆ ಸದ್ದಿನಲ್ಲೇ ಅವನಿಗೆ ಎಲ್ಲ ಗೊತ್ತಾಗುತ್ತಿತ್ತು. ಕಡಿದು ಪಕ್ಕಕ್ಕೆ ಉಗುಳಿದನೆಂದರೆ ರೈತನ ಮುಖ ಇಳಿಯುತ್ತಿತ್ತು. ನುಂಗಿದನೆಂದರೆ ವ್ಯಾಪಾರ ಕುದುರಿತು ಎಂದರ್ಥ.

ಮಕ್ಕಳಾದ ನಮಗೆ ಅದೇ ಗೋಧಿ ಬೇರೆ ಕೆಲಸಕ್ಕೆ ಬರುತ್ತಿತ್ತು. ಹಿಡಿ ಕಾಳು ಬಾಯಿಗೆ ತುಂಬಿಕೊಂಡು ದವಡೆ ನೋಯುವ ತನಕ ಅಗಿಯಬೇಕು. ಹಿಟ್ಟೆಲ್ಲ ಗಂಟಲಿಗಿಳಿದ ಮೇಲೆ ಬಾಯಲ್ಲಿ ಒಂದು ಅಂಟಿನುಂಡೆ ಉಳಿಯುತ್ತದೆ. ಅದೇ ನಮ್ಮ ಚ್ಯೂಯಿಂಗ್ ಗಮ್ಮು. ಎಳೆದರೆ ಮೊಳದುದ್ದ ಬರುತ್ತಿತ್ತು. ಒಮ್ಮೆ ಆ ಅಂಟನ್ನು ತಂಗಿ ಶಾಂತಾಳ ಜಡೆಗೆ ಮೆತ್ತಿದೆ. ಅವ್ವ ಎಣ್ಣೆ ಹಚ್ಚಿ, ಸೀಗೆಕಾಯಿ ಹಾಕಿ, ಬೈದು, ಕೊನೆಗೆ ಕತ್ತರಿ ತಂದು ಜಡೆಯ ತುದಿ ಕತ್ತರಿಸಿದಳು. ಶಾಂತಾ ಅಪ್ಪನ ಮುಂದೆ ನನ್ನ ಹೆಸರು ಹೇಳಲಿಲ್ಲ. ಆ ಕತ್ತರಿಸಿದ ಕೂದಲನ್ನು ಮಾತ್ರ ನನ್ನ ಪಾಟಿಚೀಲದಲ್ಲಿ ಹಾಕಿಟ್ಟಳು. ಶಾಲೆಯಲ್ಲಿ ಪಾಟಿ ತೆಗೆಯಲು ಕೈಹಾಕಿ ನಾನು ಚೀರಿದ ಚೀರಾಟಕ್ಕೆ ಮಾಸ್ತರರ ಛಡಿ ಬೇರೆ ಬಿತ್ತು.

ಇನ್ನೊಂದು ರೂಢಿ ನಮ್ಮ ಮನೆತನದ್ದು. ನಮ್ಮ ಕಡೆ ಗೋಧಿ ಹುಗ್ಗಿ ಇಲ್ಲದೆ ಮದುವೆಯ ಊಟವಿಲ್ಲ. ಕುಟ್ಟಿದ ಗೋಧಿ, ಬೆಲ್ಲ, ಗಸಗಸೆ, ಒಣಕೊಬ್ಬರಿ, ಮೇಲೆ ಧಾರಾಳವಾಗಿ ತುಪ್ಪ. ಪಂಕ್ತಿಗೆ ನೀಡುವ ಮೊದಲು ಕೊಪ್ಪರಿಗೆಯಿಂದ ಒಂದು ಸೌಟು ಹುಗ್ಗಿ ಮನೆಯ ಹಿರಿಯನ ಮುಂದೆ ಬರಬೇಕು. ಅವನು ಬಾಯಿಗಿಟ್ಟು ಹ್ಞೂಂ ಎನ್ನುವ ತನಕ ಎಲೆಯ ಮುಂದೆ ಕುಳಿತವರು ಉಪ್ಪಿನಕಾಯಿ ನೋಡುತ್ತ ಕುಳಿತಿರಬೇಕು. ಅಪ್ಪ ಹೋದ ಮೇಲೆ ಆ ಗದ್ದಿಗೆ ನನಗೆ ಬಂತು. ನಾನೂ ಏನೂ ಕಡಿಮೆಯಿಲ್ಲದೆ ನಡೆಸಿದೆ. 'ನಡೀತೈತಿ' ಎನ್ನುವುದಕ್ಕಿಂತ ಮೇಲಿನ ಮಾತು ನನ್ನ ಬಾಯಿಂದ ಯಾವ ಹುಗ್ಗಿಗೂ ಬಂದಿಲ್ಲ. ಶಿರಹಟ್ಟಿಯ ಒಂದು ಮದುವೆಯಲ್ಲಿ ಎಲ್ಲಿಂದಲೋ ಕರೆಸಿದ ಕೇಟರಿಂಗಿನವನು ಹುಗ್ಗಿಗೆ ಐಸ್‌ಕ್ರೀಮಿನ ಎಸೆನ್ಸು ಹಾಕಿದ್ದ. ನಾನು ಸೌಟನ್ನೇ ವಾಪಸು ಕಳಿಸಿದೆ. ಬೇರೆ ಬೆಲ್ಲ ಕರಗಿಸಿ ತರುವ ತನಕ ಇಡೀ ಪಂಕ್ತಿ ಕಾಯಿತು. ಅಂದಿನಿಂದ ಜನ ನನ್ನ ನಾಲಗೆಗೆ ಹೆದರುತ್ತಾರೆ ಎಂದು ನಾನು ತಿಳಿದಿದ್ದೇನೆ. ಅವರು ಹೆದರುವುದು ಹಸಿವಿಗೆ ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಇಂಥ ನಾಲಗೆಯ ಒಡೆಯನನ್ನು ಹುಡುಕಿಕೊಂಡು ಶಾಂತಾಳ ಮಗಳು ಅನ್ನಪೂರ್ಣ ಬಂದಳು. ಗದಗಿನ ಕಾಲೇಜೊಂದರಲ್ಲಿ ಪಾಠ ಹೇಳುವ ಹುಡುಗಿ. ಬಂದವಳು ಚಹಾ ಕುಡಿಯುವ ಮೊದಲೇ ವಿಷಯಕ್ಕೆ ಬಂದಳು.

"ಮಾಮಾ, ನಾ ಒಬ್ಬಾಂವನ್ನ ಮದಿವಿ ಆಗಬೇಕಂತ ಮಾಡೀನಿ. ಮುಂಡರಗಿಯಾಂವ. ವೀರೇಶ ಅಂತ. ಕೃಷಿ ಓದ್ಯಾನ."

"ಛಲೋ ಆತಲ್ಲವಾ. ಹೊಲ ಮನಿ ಅದಾವೇನು?"

"ಅದಾವ. ಆದ್ರ ಅಂವ ಇರೂದು ಗೋವಾದಾಗ." ಅವಳು ತನ್ನ ಚಹಾ ಪಕ್ಕಕ್ಕೆ ಸರಿಸಿದಳು. "ಅಲ್ಲೆ ಬೀರ್ ಮಾಡ್ತಾನ. ಗೋಧಿದು."

ನನ್ನ ಚಹಾದ ಕಪ್ಪು ಬಸಿಗೆ ತಾಗಿ ಸದ್ದಾಯಿತು. ಬೀರು ಕುಡಿಯುವ ಅಳಿಯ ಸಿಕ್ಕರೆ ಊರು ಮುಚ್ಚಿಡುತ್ತದೆ. ಮಾಡುವ ಅಳಿಯನನ್ನು ಎಲ್ಲಿ ಮುಚ್ಚಿಡುವುದು? ಅದೂ ಶಾಂತಾಳ ಮನೆಗೆ!

ಶಾಂತಾಳ ಗಂಡ ರುದ್ರಪ್ಪ ಕುಡಿದೇ ಸತ್ತವನು. ಒಳ್ಳೆಯ ಮನುಷ್ಯ, ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ, ಜಗಳ ಗೊತ್ತಿಲ್ಲ, ಹೊಡೆತ ಬಡಿತ ಗೊತ್ತಿಲ್ಲ. ಸಂಜೆಯಾದರೆ ಕುಡಿಯುತ್ತಿದ್ದ, ಅಷ್ಟೇ. ಆಮೇಲೆ ಮಧ್ಯಾಹ್ನ. ಆಮೇಲೆ ಬೆಳಿಗ್ಗೆ. ಹೊಟ್ಟೆಯಲ್ಲಿ ನೀರು ತುಂಬಿ ಹೋದಾಗ ಅನ್ನಪೂರ್ಣ ಇನ್ನೂ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಳು. ಅವನನ್ನು ನೆನೆದರೆ ನನಗೆ ಈಗಲೂ ಸಿಟ್ಟೂ ಬರುತ್ತದೆ, ಕಣ್ಣಲ್ಲಿ ನೀರೂ ಬರುತ್ತದೆ. ಶಾಂತಾ ಅಂಗಡಿ ಮಾರಿ, ಹೊಲವನ್ನು ಲಾವಣಿಗೆ ಹಾಕಿ ಬಂದ ಗೇಣಿ ಹಣದಲ್ಲಿ ಮಗಳನ್ನು ಓದಿಸಿದಳು.

ಅದೇ ದಿನ ಸಂಜೆ ಶಾಂತಾಳ ಫೋನು ಬಂತು. "ಅಣ್ಣಾ, ಸೆರೆ ಮಾಡಾಂವಗ ಮಗಳನ್ನ ಕೊಡೂದಂದ್ರ ನನ್ನ ಕೈಕಾಲಾಗ ಶಕ್ತಿನ ಇಲ್ಲ. ಆದ್ರ ಇಕಿ ಹಟಾ ಹಿಡಿದಾಳ. ಐತವಾರ ಅಂವ ಬರ್ತಾನಂತ. ನೀ ಬಂದು ನೋಡು. ನೀ ಹ್ಞೂಂ ಅಂದ್ರ ಹ್ಞೂಂ. ಒಲ್ಲೆ ಅಂದ್ರ ಅಲ್ಲಿಗೆ ಮುಗೀತು."

ನೋಡು ಎಂದಳು. ಏನನ್ನು ನೋಡಬೇಕು ಎಂದು ನಾನು ಕೇಳಲಿಲ್ಲ. ಕೊಪ್ಪರಿಗೆಯ ಮುಂದೆ ಕುಳಿತು ರೂಢಿಯಾದವನು, ನನ್ನನ್ನು ಕರೆದಿದ್ದಾರೆಂದರೆ ನನ್ನ ನಾಲಗೆಯನ್ನೇ ಕರೆದಿದ್ದಾರೆ ಎಂದು ತಿಳಿದೆ. ಅನ್ನಪೂರ್ಣಳಿಗೆ ಫೋನು ಮಾಡಿ, ಆ ಹುಡುಗನಿಗೆ ತನ್ನ ಬೀರು ತರಲು ಹೇಳು, ರುಚಿ ನೋಡಿಯೇ ತೀರ್ಮಾನ ಎಂದು ಅಪ್ಪಣೆ ಕೊಡಿಸಿದೆ. ಜಗತ್ತಿನಲ್ಲಿ ಹೆಣ್ಣು ಕೇಳಲು ಬರುವವನಿಗೆ ಬೀರು ತಾ ಎಂದು ಹೇಳಿ ಕಳಿಸಿದ ಸೋದರಮಾವ ನಾನೊಬ್ಬನೇ ಇರಬೇಕು.

ಬೀರು ನನಗೆ ಹೊಸದಲ್ಲ, ಇದನ್ನೂ ಹೇಳಿಬಿಡುತ್ತೇನೆ. ಹುಬ್ಬಳ್ಳಿಗೆ ಕೆಲಸದ ಮೇಲೆ ಹೋದಾಗ ಗೆಳೆಯರ ಜೊತೆ ಲಾಡ್ಜಿನ ಕೋಣೆಯಲ್ಲಿ ಕುಳಿತದ್ದುಂಟು. ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರಿಗೂ ಗೊತ್ತಿಲ್ಲ. ಆ ಬೀರು ಹಳದಿ, ತಣ್ಣಗೆ, ಕಹಿ. ಅದಕ್ಕೆ ಯಾರೂ ವ್ಯಾಖ್ಯಾನ ಬರೆದದ್ದನ್ನು ನಾನು ಕಂಡಿರಲಿಲ್ಲ.

ಐತವಾರ ಲಕ್ಷ್ಮೇಶ್ವರಕ್ಕೆ ಹೋದೆ. ವೀರೇಶ ಆಗಲೇ ಬಂದಿದ್ದ. ಗಡ್ಡ ಬಿಟ್ಟ, ತೋಳು ಮಡಿಸಿದ ಅಂಗಿಯ ಹುಡುಗ. ಕೈಯಲ್ಲಿ ಥರ್ಮಾಕೋಲ್ ಡಬ್ಬಿ, ಅದರೊಳಗೆ ಬರ್ಫದ ಗಡ್ಡೆಗಳ ನಡುವೆ ಎರಡು ಕರಿ ಬಾಟಲಿ. ಬಾಗಿಲಲ್ಲೇ ಶಾಂತಾ ಕೈ ಅಡ್ಡ ಹಿಡಿದಳು.

"ನೀ ಒಳಗ ಬಾ ತಮ್ಮಾ. ಅದು ಬ್ಯಾಡ. ಅದನ್ನ ಹೊರಗಿನಿಂದನ ಹಿತ್ತಲಕ್ಕ ಒಯ್ಯಿ."

ಹುಡುಗ ಓಣಿ ಸುತ್ತಿ ಹಿತ್ತಲಿಗೆ ಹೋದ. ಅಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಸ್ಟೂಲು. ಶಾಂತಾ ಎರಡು ಸ್ಟೀಲ್ ಲೋಟ ಇಟ್ಟು, "ಇವು ತಿರುಗಿ ಒಳಗ ಬರೂದು ಬ್ಯಾಡ" ಎಂದು ಹೇಳಿ ಅಡಿಗೆಮನೆ ಸೇರಿದಳು. ಆ ಲೋಟ ಕಂಡು ಹುಡುಗನ ಮುಖ ಸ್ವಲ್ಪ ಬಾಡಿತು. ಇದನ್ನು ಉದ್ದನೆಯ ಗಾಜಿನ ಗ್ಲಾಸಿನಲ್ಲಿ ಕುಡಿಯಬೇಕಂತೆ, ಬಣ್ಣ ಕಾಣಬೇಕಂತೆ. ಬಣ್ಣ ನೋಡಲು ಇದೇನು ಹೆಣ್ಣಿನ ಸೀರೆಯೇ ಎಂದು ನಾನು ಮೊದಲ ಬಾಣ ಬಿಟ್ಟೆ.

ಬಾಟಲಿ ಎತ್ತಿ ಬಿಸಿಲಿಗೆ ಹಿಡಿದೆ. ತಳದಲ್ಲಿ ಬೂದಿಯಂಥದ್ದು ಕುಳಿತಿದೆ. ಹುಟ್ಟಾ ಕಾಳಿನ ವ್ಯಾಪಾರಿ ನಾನು. ತಳದಲ್ಲಿ ಏನಾದರೂ ಕಂಡರೆ ನನ್ನ ಪಾಲಿಗೆ ಅದು ಕಸ. ಹುಡುಗ ಮುಚ್ಚಳ ತೆಗೆದು ಕೊಟ್ಟ ಕೂಡಲೇ ಬಾಟಲಿ ಕಸಿದುಕೊಂಡು, ಹೆಗಲ ಮೇಲಿನ ಟಾವೆಲ್ಲನ್ನು ಲೋಟದ ಬಾಯಿಗೆ ಕಟ್ಟಿ, ಪೂರ್ತಿ ಸೋಸಿಬಿಟ್ಟೆ. ನೊರೆಯೆಲ್ಲ ಟಾವೆಲ್ಲು ಕುಡಿಯಿತು. ಉಕ್ಕಿದ್ದು ಧೋತರದ ಮೇಲಿಳಿಯಿತು. ಲೋಟದಲ್ಲಿ ಕಷಾಯದಂಥ ಕರಿನೀರು ಉಳಿಯಿತು.

"ಮಾಮಾರ," ಎಂದ ವೀರೇಶ, "ಅದು ಕಸ ಅಲ್ರೀ. ಈಸ್ಟ್ ರೀ ಅದು. ಇದರಾಗ ಅದ ಮುಖ್ಯ. ಬಾಟ್ಲಿ ಹೊಳ್ಳಾಡಿಸಿ ಅದನ್ನೂ ಕೂಡಿಸಿ ಹಾಕಬೇಕ್ರಿ."

"ಹಂಗಾದ್ರ ಕಸಾ ಕುಡೀರಿ ಅಂತ ಮ್ಯಾಲೆ ಬರೀಬೇಕಿಲ್ಲೋ ತಮ್ಮಾ?"

ಅವನು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಲೋಟ ತೊಳೆದು ತಂದ. ಎರಡನೆಯ ಬಾಟಲಿಯನ್ನು ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿ, ಲೋಟ ಓರೆ ಮಾಡಿ ಇಬ್ಬರಿಗೂ ಸುರಿದ. ಈ ಸಲ ಕಂದು ನೊರೆ ಲೋಟದ ಅಂಚಿಗೆ ಬಂದು ನಿಂತಿತು. ಆಮೇಲೆ ತನ್ನ ಫೋನು ತೆಗೆದು, ಅಂಕ ಕೊಡುವ ಕ್ರಮ ಹೇಳತೊಡಗಿದ. ನೋಟಕ್ಕೆ ಇಷ್ಟು, ನೊರೆಗೆ ಇಷ್ಟು, ವಾಸನೆಗೆ ಇಷ್ಟು, ರುಚಿಗೆ ಇಷ್ಟು, ನುಂಗಿದ ಮೇಲೆ ಬಾಯಲ್ಲಿ ಉಳಿಯುವುದಕ್ಕೆ ಇಷ್ಟು. ಕೊನೆಗೆ ಎಲ್ಲ ಕೂಡಿ ಐದಕ್ಕೆ ಎಷ್ಟು ಚುಕ್ಕಿ. ಗೋವಾದಲ್ಲಿ ಜನ ಸಾಲಾಗಿ ಕುಳಿತು, ಒಂದೊಂದು ಗುಟುಕಿಗೆ ಕಣ್ಣು ಮುಚ್ಚಿ, ಹೀಗೆಲ್ಲ ಬರೆಯುತ್ತಾರಂತೆ. ಸಂಧ್ಯಾವಂದನೆಗೂ ಇಷ್ಟು ಶ್ರದ್ಧೆ ನಾನು ಕಂಡಿಲ್ಲ.

"ಮೊದಲ ವಾಸನಿ ನೋಡ್ರಿ ಮಾಮಾರ. ಬಾಳೆಹಣ್ಣಿಂದು ಬರ್ತೈತಿ. ಹಿಂದ ಲವಂಗ. ಆಮ್ಯಾಲೆ ಸುಟ್ಟ ಬೆಲ್ಲ."

ಮೂಗು ತೂರಿಸಿದೆ. "ಬಾಳೆಹಣ್ಣು ಹಾಕಿಯೇನು?"

"ಇಲ್ರಿ."

"ಲವಂಗ?"

"ಇಲ್ರಿ."

"ಬೆಲ್ಲ?"

"ಏನೂ ಇಲ್ರಿ. ಗೋಧಿ, ಬಾರ್ಲಿ, ನೀರು, ಹಾಪ್ಸ್ ಅನ್ನೂ ಒಂದ್ ಕಹಿ ಹೂವು, ಈಸ್ಟ್. ಅಷ್ಟರಾಗನ ಆ ವಾಸನಿ ಹುಟ್ಟತೈತ್ರಿ."

"ಅಲ್ಲೋ ತಮ್ಮಾ, ಬಾಳೆಹಣ್ಣು, ಲವಂಗ, ಬೆಲ್ಲ ಇಷ್ಟೆಲ್ಲ ಬೇಕಾದ್ರ ನಮ್ಮವ್ವನ ಹಂಗ ಹುಗ್ಗಿ ಮಾಡಿ ಮ್ಯಾಲೆ ಹಣ್ಣು ಹೆಚ್ಚಿ ಹಾಕಿದ್ರ ಆಗತಿತ್ತು. ಇಲ್ಲದ್ದರ ವಾಸನಿ ತಗೊಂಡು ನಾ ಏನ್ ಮಾಡ್ಲಿ?"

ಒಂದು ಗುಟುಕು ಕುಡಿದೆ. ಅವನೂ ಒಂದು ಗುಟುಕು ಕುಡಿದ, ಬಾಯಲ್ಲಿ ಆಡಿಸಿದ, ನುಂಗಿದ, ಹುಬ್ಬು ಗಂಟಿಕ್ಕಿ ಇನ್ನೊಂದು ಕುಡಿದ. ಅಷ್ಟರಲ್ಲಿ ಅನ್ನಪೂರ್ಣ ತಟ್ಟೆ ತುಂಬ ಮಿರ್ಚಿ ಭಜಿ ತಂದಿಟ್ಟಳು. "ಖಾಲಿ ಹೊಟ್ಟಿಲೆ ಕುಡೀಬಾರದಂತ. ಅವ್ವ ಕಳಿಸ್ಯಾಳ" ಎಂದಳು ಮೆಲ್ಲಗೆ. ಸೆರೆ ಕಂಡರಾಗದ ಮನೆಯಿಂದ ಅದಕ್ಕೆ ತಿನಿಸು! ರುದ್ರಪ್ಪ ಇದ್ದಾಗ ಬಿದ್ದ ರೂಢಿ ಅದು. ಕುಡಿಯುವುದನ್ನು ಬಿಡಿಸಲಾಗದೆ ಹೊಟ್ಟೆಗೆ ಏನಾದರೂ ಹಾಕಿ ಉಳಿಸಿಕೊಳ್ಳಲು ಅವಳು ಪಟ್ಟ ಪಾಡು ನನಗೆ ಗೊತ್ತಿತ್ತು. ಅದನ್ನು ಮರೆಯಲು ಇನ್ನಷ್ಟು ಬೈಯತೊಡಗಿದೆ.

"ಮೊದಲ ಹೇಳು, ಗೋಧಿನ ಏನ್ ಮಾಡ್ತಿ?"

"ನೆನಿ ಹಾಕಿ ಮೊಳಕಿ ಬರಸೂದ್ರಿ. ಆಮ್ಯಾಲೆ ಒಣಗಿಸಿ ಹುರಿಯೂದು, ಸ್ವಲ್ಪ ಕರ್ರಗ ಆಗೂತನಕ. ಆಮ್ಯಾಲೆ ಬಿಸಿನೀರಾಗ ಹಾಕಿ, ಸೋಸಿ, ಕುದಿಸಿ, ಆರಿಸಿ, ಈಸ್ಟ್ ಬಿಟ್ಟು ಹುಳಿ ಬರಸೂದ್ರಿ."

ನಾನು ಭಜಿ ಕೆಳಗಿಟ್ಟೆ. "ಕೇಳಿಲ್ಲೆ. ನಮ್ಮಪ್ಪ, ಅಂವ ಹೋದಮ್ಯಾಲೆ ನಾನು, ಜಲಮಾದಾಗ ಮೂರು ಥರದ ಗೋಧಿ ಅಂಗಡಿ ಕಟ್ಟಿ ಹತ್ತಗೊಟ್ಟಿಲ್ಲ. ಮಳಿಗೆ ಸಿಕ್ಕು ಮೊಳಕಿ ಬಂದದ್ದು ಒಂದು. ಬೆಂಕಿ ತಾಗಿ ಕರ್ರಗಾದದ್ದು ಒಂದು. ಹಸಿ ಹಿಡಿದು ಹುಳಿತದ್ದು ಒಂದು. ನೀ ಮೂರೂ ಕೂಡಿಸಿ ಬಾಟ್ಲಿಗೆ ತುಂಬಿ ತಂದಿ!"

ಈ ಮಾತಿಗೆ ನನಗೇ ಬಹಳ ಖುಷಿಯಾಯಿತು. ಗೋಡೆಯಾಚೆ ಯಾರಾದರೂ ಕೇಳಿಸಿಕೊಂಡಿದ್ದರೆ ಚೆನ್ನಾಗಿತ್ತು ಎನಿಸಿತು. ಆ ಖುಷಿಯಲ್ಲಿ ಒಂದು ಗುಟುಕು, ಭಜಿಯ ಖಾರಕ್ಕೆ ಒಂದು ಗುಟುಕು, ಮುಂದಿನ ಬೈಗುಳ ಹುಡುಕಲು ಒಂದು ಗುಟುಕು. ಬೈಯುವುದಕ್ಕೆ ಬಾಯಿ ಹಸಿಯಾಗಿರಬೇಕಷ್ಟೆ. ನೊರೆಗೆ ಬೈದೆ, ಗಡ್ಡಕ್ಕೆ ಹತ್ತುತ್ತದೆ ಎಂದೆ. ಬೀರಿನ ಹೆಸರಿಗೆ ಬೈದೆ, ಬಾಟಲಿಯ ಮೇಲಿನ ಗೂಬೆಯ ಚಿತ್ರಕ್ಕೆ ಬೈದೆ. ಚುಕ್ಕಿ ಕೊಡುವ ಗೋವಾದ ಪಂಡಿತರ ಏಳು ತಲೆಮಾರಿಗೆ ಬೈದೆ. ಹುಡುಗ ಕೈಕಟ್ಟಿ ಎಲ್ಲ ಕೇಳಿದ.

ಕೊನೆಗೆ ಅವನೇ ಹೇಳಿದ: "ಹುರಿದದ್ದು ಒಂಚೂರು ಜಾಸ್ತಿ ಆಗೈತ್ರಿ ಮಾಮಾರ. ಈ ಸಲದ್ದು ನನಗೂ ಮನಸಿಗೆ ಬಂದಿಲ್ಲ. ಹಿಂದಿನ ಸಲದ್ದು ಛಲೋ ಇತ್ತು. ಅದನ್ನ ತರಬೇಕಂತ ಮಾಡಿದ್ದೆ. ಅನ್ನಪೂರ್ಣಾನ ಈಗ ಹೆಂಗೈತಿ ಹಂಗ ತೊಗೊಂಬಾ ಅಂದ್ಲು."

ಅಲ್ಲಿಗೆ ನನ್ನ ಬತ್ತಳಿಕೆ ಬರಿದಾಯಿತು. ತನ್ನ ಸರಕನ್ನು ತಾನೇ ಹಳಿಯುವವನ ಜೊತೆ ವ್ಯಾಪಾರ ಮಾಡುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ. ಅನ್ನಪೂರ್ಣ ಬಂದು, ಅವ್ವ ಒಳಗೆ ಬರಲು ಹೇಳಿದ್ದಾಳೆ, ಊಟಕ್ಕೆ ಕೈ ತೊಳೆಯಿರಿ ಎಂದು ಅವನನ್ನು ಕರೆದುಕೊಂಡು ಹೋದಳು. ಹೋಗುತ್ತ ನನ್ನ ಕಡೆ ಒಮ್ಮೆ ನೋಡಿದಳು. ಆ ನೋಟದಲ್ಲಿ ಎಷ್ಟು ಭಯವಿತ್ತೆಂದರೆ ನಾನು ಭಜಿಯ ತಟ್ಟೆಯ ಕಡೆ ಮುಖ ತಿರುಗಿಸಬೇಕಾಯಿತು.

ಈಗ ಪೇಚಿಗೆ ಸಿಕ್ಕಿಬಿದ್ದೆ. ಬೀರು ಚೆನ್ನಾಗಿದೆ ಎನ್ನಲು ನಾಲಗೆ ಏಳದು. ಚೆನ್ನಾಗಿಲ್ಲ ಎಂದರೆ ಹುಡುಗಿಯ ಮದುವೆ ಅಲ್ಲಿಗೇ ಮುಗಿಯಿತು. ಕೆಟ್ಟ ಹುಗ್ಗಿಯನ್ನು ವಾಪಸು ಕಳಿಸಿದರೆ ಬೇರೆ ಹುಗ್ಗಿ ಬರುತ್ತದೆ. ಇಲ್ಲಿ ವಾಪಸು ಹೋದರೆ ಹೋದದ್ದೇ. ಎರಡೂವರೆ ಚುಕ್ಕಿ ಕೊಟ್ಟು ಜಾರಿಕೊಳ್ಳಲೇ ಎಂದು, ಅಷ್ಟೊತ್ತು ಹೀಯಾಳಿಸಿದ ಚುಕ್ಕಿಗೇ ಮೊರೆ ಹೋಗುವ ಮಟ್ಟಕ್ಕೆ ಇಳಿದೆ. ಅಷ್ಟರಲ್ಲಿ ಶಾಂತಾ ಹಿತ್ತಲ ಬಾಗಿಲಿಗೆ ಬಂದು ನಿಂತಳು.

"ಏನಂತಿ ಅಣ್ಣಾ?"

ನಾನು ಗಂಟಲು ಸರಿಪಡಿಸಿಕೊಂಡೆ. "ನೋಡು ಶಾಂತಾ, ವಾಸನಿ ಅಡ್ಡಿ ಇಲ್ಲ ಅನ್ನು. ರುಚಿಗೆ ಬಂದ್ರ, ಹುರಿದದ್ದು ಜಾಸ್ತಿ ಆಗೈತಿ. ನೊರಿ ಏನೋ ದಪ್ಪ ಐತಿ, ಆದ್ರ..."

ಅವಳು ಕೇಳುತ್ತಿರಲಿಲ್ಲ. ಸ್ಟೂಲಿನ ಹತ್ತಿರ ಬಂದು, ಸೆರಗಿನ ತುದಿಯಿಂದ ಹಿಡಿದು ವೀರೇಶನ ಲೋಟ ಎತ್ತಿದಳು. ಒಳಗೆ ಬಗ್ಗಿ ನೋಡಿದಳು. ಅರ್ಧಕ್ಕಿಂತ ಹೆಚ್ಚು ಹಾಗೆಯೇ ಇತ್ತು, ನೊರೆ ಇಳಿದು ತಣ್ಣಗೆ ನಿಂತಿತ್ತು.

"ಅವರು ಇರೂತನಕ ದಿನಾ ಮುಂಜಾನೆದ್ದು ಅವರ ಗ್ಲಾಸ್ ನಾನ ತಿಕ್ಕೀನಿ ಅಣ್ಣಾ" ಎಂದಳು. "ಒಂದ್ ದಿನಾರ ತಳದಾಗ ಒಂದ್ ಹನಿ ಉಳಿದದ್ದು ಕಾಣಲಿಲ್ಲ. ಉಳಿದೀತೇನೋ, ಇವತ್ತರ ಉಳಿದೀತೇನೋ ಅಂತ ದಿನಾ ನೋಡತಿದ್ದೆ. ಈ ಹುಡುಗ ತಾನ ಮಾಡಿದ್ದನ್ನ ಮುಂದ ಇಟಗೊಂಡು ಕುಂತು, ಇಷ್ಟು ಬಿಟ್ಟು ಎದ್ದು ಹ್ವಾದ. ತಿರುಗಿ ಸೈತ ನೋಡಲಿಲ್ಲ. ಹಿತ್ತಲ ಕಿಡಕ್ಯಾಗ ನಿಂತು ನಾ ನೋಡೇ ನೋಡಿದೆ."

ಲೋಟದಲ್ಲಿದ್ದುದನ್ನು ಕರಿಬೇವಿನ ಬುಡಕ್ಕೆ ಸುರಿದಳು.

"ಕೊಡತೀನಿ. ಹೋಗಿ ಹೇಳು ಅವರಿಗೆ."

"ಮತ್ತ ನಾ ರುಚಿ ನೋಡಿದ್ದು?" ಎಂದೆ, ಪೆದ್ದನ ಹಾಗೆ.

ಶಾಂತಾ ನನ್ನ ಲೋಟ ಎತ್ತಿ ಬೋರಲು ಹಾಕಿದಳು. ಒಂದು ಹನಿಯೂ ಬೀಳಲಿಲ್ಲ.

"ಇಷ್ಟೊತ್ತನ ಬೈಕೋತ ಬೈಕೋತ ಎಲ್ಲಾ ಕುಡದಿ" ಎಂದಳು. "ನೀನೂ ಕುಡಿಯೂದು ಬಿಡು ಅಣ್ಣಾ. ತವರುಮನಿ ಅಂತ ನನಗ ಉಳಿದಾಂವ ನೀ ಒಬ್ಬನ."